ವೈನಿ ಸುತ್ತಿದ ಸೊನ್ನೆ

ವೈನಿ ಹೋದರು ಎಂದು ಅವರ ಮಗ ಫೋನಿನಲ್ಲಿ ಹೇಳಿದಾಗ ನಾನು ಮಾಡಿದ ಮೊದಲ ಕೆಲಸ ಸ್ವೆಟರಿನ ತೋಳು ಮೇಲೇರಿಸಿ, ಎಡಮೊಣಕೈಯ ಒಳಮಡಿಕೆಯನ್ನು ನೋಡಿಕೊಂಡದ್ದು. ಅಲ್ಲಿ ಏನೂ ಇರಲಿಲ್ಲ. ಇರುವುದಕ್ಕೆ ಕಾರಣವೂ ಇಲ್ಲ, ಬಾಲ್‌ಪೆನ್ನಿನಲ್ಲಿ ಅಲ್ಲಿ ಸೊನ್ನೆ ಸುತ್ತಿಸಿಕೊಂಡು ಎಷ್ಟೋ ವರ್ಷಗಳಾದವು. ಆದರೂ ಆ ಜಾಗ ಸಣ್ಣಗೆ ತುರಿಸಿತು, ಅಳು ಬರಬೇಕಾದ ಹೊತ್ತಿನಲ್ಲಿ ನನಗೆ ನಗು ಬಂತು. ಆ ಕಡೆ ಮಗ ಗಾಬರಿಯಾಗಿ, ಆಂಟಿ, ಕೇಳಿಸ್ತಾ ಎಂದು ಎರಡು ಸಲ ಕೇಳಿದ.

ಏನು ಮಾಡಲಿ, ಅವರನ್ನು ನೆನೆದರೆ ನನಗೆ ದುಃಖಕ್ಕಿಂತ ಮೊದಲು ಉತ್ಸಾಹ ಬರುತ್ತದೆ. ಅದು ಅವರ ತಪ್ಪು, ನನ್ನದಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವು ಆಗಷ್ಟೇ ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದೆವು. ನನ್ನ ಗಂಡ ಬೆಳಿಗ್ಗೆ ಸೇತುವೆ ದಾಟಿ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನಾನು, ಗೋಡೆಗಳು ಮತ್ತು ಕೊಲ್ಲಿಯ ಕಡೆಯಿಂದ ಬೀಸುವ ಉಪ್ಪುಗಾಳಿ. ಮೂರನೆಯ ದಿನವೋ ನಾಲ್ಕನೆಯ ದಿನವೋ ಹಿತ್ತಿಲ ಬೇಲಿಯ ಮೇಲೆ ಒಂದು ತಲೆ ಕಾಣಿಸಿತು. ಗಿಡ್ಡ ಹೆಂಗಸು, ನೈಲಾನ್ ಸೀರೆ, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ, ತುರುಬಿನಲ್ಲಿ ಹೂವಿನ ಬದಲು ಒಂದು ನೀಲಿ ಪೆನ್ನು. ಹೆಸರು, ಊರು, ಎಷ್ಟು ಮಕ್ಕಳು ಎಂದು ಕೇಳುತ್ತಾರೆ ಎಂದು ನಾನು ಮುಖ ಸಜ್ಜುಮಾಡಿಕೊಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮ ಮನ್ಯಾಗ ಪ್ರೆಶರ್ ಕುಕ್ಕರ್ ಅದ ಏನು? ಹಳೇದಾದರೂ ನಡೀತದ."

ಇತ್ತು. ನಮ್ಮಮ್ಮ ಎರಡು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟು ಕಳಿಸಿದ ಕುಕ್ಕರು. ಕನ್ನಡ ಕೇಳಿದ ಖುಷಿಗೆ ಹಿಂದುಮುಂದು ನೋಡದೆ ಕೊಟ್ಟುಬಿಟ್ಟೆ. ಒಂದು ವಾರದ ಮೇಲೆ ವಾಪಸು ಬಂತು. ಅದರಲ್ಲಿ ಮಾಡಿದ ಅನ್ನ ಉಣ್ಣುತ್ತಾ ನನ್ನ ಗಂಡ ತಟ್ಟೆಯನ್ನು ಮೂಸಿ, ಅನ್ನಕ್ಕೆ ಸೋಪು ಹಾಕಿದೆಯಾ ಎಂದರು. ಕುಕ್ಕರನ್ನು ಅವರಿಗೇ ಖಾಯಂ ಆಗಿ ಬಿಟ್ಟುಕೊಡದೆ ಬೇರೆ ದಾರಿ ಇರಲಿಲ್ಲ.

ಧಾರವಾಡದ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ ಎಂದು ಮೈಸೂರಿನವಳಾದ ನನಗೆ ಗೊತ್ತಾದದ್ದು ಅವರಿಂದಲೇ. ನಮ್ಮ ಸುತ್ತಲಿನ ಹತ್ತಿಪ್ಪತ್ತು ಕನ್ನಡ ಮನೆಗಳಿಗೆಲ್ಲ ಅವರು ವೈನಿ, ಅವರ ಗಂಡ ರಾಯರು. ರಾಯರು ಮಾತಾಡುತ್ತಿದ್ದುದು ತೀರಾ ಕಡಿಮೆ. ಆ ಮನೆಯ ಮಾತನ್ನೆಲ್ಲ ಒಬ್ಬರೇ ಆಡಿ ಮುಗಿಸುತ್ತಿದ್ದರಲ್ಲ. ಇಲ್ಲಿಗೆ ಬರುವ ಮೊದಲು ವೈನಿ ಹದಿನೇಳು ವರ್ಷ ಊರಿನ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಹುಡುಗರಿಗೆ ಪ್ರಯೋಗ ಮಾಡಿ ತೋರಿಸುವ ಕೆಲಸದಲ್ಲಿದ್ದವರು. ಇಲ್ಲಿ ಬಂದ ಹೊಸತರಲ್ಲಿ ನಾಲ್ಕಾರು ಕಡೆ ಅರ್ಜಿ ಹಾಕಿದರಂತೆ. ಎಲ್ಲರೂ ನಯವಾಗಿ, ಆ ಅನುಭವ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂದರಂತೆ. ಅಂದಿನಿಂದ ತಾವು ಎಂ.ಎಸ್ಸಿ. ಓದಿದವರು ಎಂದು ಯಾರಿಗೂ ಹೇಳುವುದನ್ನೇ ಬಿಟ್ಟಿದ್ದರು. ನನಗೆ ಅದನ್ನು ಹೇಳಿದವರು ರಾಯರು, ಅದೂ ವೈನಿ ಒಳಗೆ ಹೋದಾಗ.

ಅವರ ಹಿತ್ತಿಲಿನ ಉದ್ದಕ್ಕೂ ಲ್ಯಾವೆಂಡರ್ ಗಿಡಗಳು. ಹಿಂದಿನ ಬಾಡಿಗೆಯವರು ಅಂದಕ್ಕೆ ಹಾಕಿ ಹೋದದ್ದು. ವೈನಿಗೆ ಅಂದ ಎಂದರೆ ಅಷ್ಟಕ್ಕಷ್ಟೆ, ಅದರೊಳಗೆ ಏನಿದೆ ಎನ್ನುವುದೇ ಮುಖ್ಯ. ಕುಕ್ಕರಿನ ವೆಯ್ಟು ತೆಗೆದು ಆ ತೂತಿಗೆ ಕೊಳವೆ ಸಿಕ್ಕಿಸಿ, ಕೊಳವೆಯನ್ನು ಐಸು ತುಂಬಿದ ಬಕೆಟ್ಟಿನಲ್ಲಿ ಸುತ್ತಿಸಿ, ತುದಿಗೆ ಒಂದು ಗಾಜಿನ ಲೋಟ ಇಡುತ್ತಿದ್ದರು. ಕೆಳಗೆ ನೀರು, ಮೇಲೆ ಹೂವು. ಆವಿ ಹೂವನ್ನು ಹಾದು ಕೊಳವೆಯಲ್ಲಿ ತಣ್ಣಗಾಗಿ ಲೋಟಕ್ಕೆ ತೊಟ್ಟಿಕ್ಕುತ್ತಿತ್ತು. ಒಂದು ಬುಟ್ಟಿ ಹೂವಿಗೆ ಒಂದು ಚಮಚ ಎಣ್ಣೆ ಸಿಕ್ಕಿದರೆ ಹಬ್ಬ. ಆ ಲೋಟದ ಮುಂದೆ ಅವರು ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ನೀರಿನ ಮೇಲೆ ತೆಳ್ಳಗೆ ಹಳದಿ ಪೊರೆಯೊಂದು ಕೂಡಿದ ಕೂಡಲೇ "ಬಂತು ನೋಡು" ಎಂದು ನನ್ನ ಮೊಣಕೈ ಹಿಡಿದು ಅಲ್ಲಾಡಿಸುತ್ತಿದ್ದರು. ಹತ್ತನೆಯ ಸಲವೂ ಅದೇ "ಬಂತು ನೋಡು", ಮೂವತ್ತನೆಯ ಸಲವೂ ಅದೇ. ಮನೆಯಲ್ಲಿ ಒಬ್ಬಳೇ ಕೂತು ಬೇಸರದಿಂದ ಗೋಡೆ ನೋಡುತ್ತಿದ್ದ ನನಗೆ ಆ ಅಲ್ಲಾಡಿಸುವಿಕೆ ಎಷ್ಟು ಬೇಕಾಗಿತ್ತು ಎಂದು ಆಗ ಗೊತ್ತಾಗಲಿಲ್ಲ.

ಪೊರೆಯನ್ನು ಡ್ರಾಪರಿನಿಂದ ಎತ್ತಿ, ಕೆಮ್ಮಿನ ಔಷಧಿಯ ಕಂದು ಬಾಟಲಿಗಳಿಗೆ ತುಂಬಿಸಿ, ಬಟ್ಟೆಗಳ ಮಧ್ಯೆ ಕತ್ತಲಲ್ಲಿ ಇಡುತ್ತಿದ್ದರು. ಕೆಳಗೆ ಚೆಲ್ಲಿದ್ದನ್ನು ಬರಿಗೈಯಲ್ಲಿ ಬಳಿದು ಕೈಗೇ ಸವರಿಕೊಳ್ಳುತ್ತಿದ್ದರು. ಇದನ್ನು ಯಾಕೆ ಹೇಳಿದೆ ಎಂದು ಆಮೇಲೆ ತಿಳಿಯುತ್ತದೆ.

ಆ ವರ್ಷದ ದೀಪಾವಳಿಗೆ ನಾನು ಮಾಡಿದ ಘನಕಾರ್ಯವನ್ನು ಈಗ ಹೇಳಿಬಿಡಬೇಕು. ಚಳಿಗಾಳಿಗೆ ನನ್ನ ಚರ್ಮ ಒಣಗಿ ಬಿರುಕು ಬಿಡುತ್ತಿದೆ ಎಂದು ವೈನಿ ಒಂದು ಸಣ್ಣ ಬಾಟಲಿ ಕೊಟ್ಟಿದ್ದರು. ಒಂದು ಬಟ್ಟಲು ಕೊಬ್ಬರಿ ಎಣ್ಣೆಗೆ ಇದರ ನಾಲ್ಕೇ ಹನಿ ಹಾಕಿ ಹಚ್ಚಿಕೊ ಎಂದಿದ್ದರು. ನಾಲ್ಕು ಹನಿ! ಇವರದು ಎಂಥ ಕೈ ಬಿಗಿ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಕಿವಿಯ ಹಿಂದಿನಿಂದ ಇಳಿದು ಕತ್ತಿಗೆ ಬಾರದ ಎಣ್ಣೆಯನ್ನು ಯಾರೂ ಅಭ್ಯಂಜನ ಎನ್ನುವುದಿಲ್ಲ. ಚತುರ್ದಶಿಯ ಬೆಳಿಗ್ಗೆ ನೋಡಿದರೆ ಎಳ್ಳೆಣ್ಣೆಯೂ ಮುಗಿದಿದೆ, ಕೊಬ್ಬರಿ ಎಣ್ಣೆಯೂ ಮುಗಿದಿದೆ. ಇಂಡಿಯನ್ ಗ್ರೋಸರಿ ತೆರೆಯುವುದಕ್ಕೆ ಇನ್ನೂ ಮೂರು ಗಂಟೆ. ಹಬ್ಬದ ದಿನ ಒಣತಲೆಗೆ ನೀರು ಹುಯ್ಯುವುದೇ? ಗಂಡನನ್ನು ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮವಿಟ್ಟು, ವೈನಿಯ ಬಾಟಲಿಯಲ್ಲಿದ್ದ ಅರ್ಧವನ್ನು ಅಂಗೈಗೆ ಹುಯ್ದುಕೊಂಡು ಅವರ ನೆತ್ತಿಗೆ ತಟ್ಟಿದೆ. ಉಳಿದರ್ಧವನ್ನು ನನ್ನ ಕೆನ್ನೆ, ಕತ್ತು, ತೋಳುಗಳಿಗೆ ಒತ್ತಿ ಒತ್ತಿ ತಿಕ್ಕಿಕೊಂಡೆ. ಮನೆಯೆಲ್ಲ ಘಮ್ಮೆಂದಿತು. ಎಂಥ ಹಬ್ಬ ಎಂದು ಇಬ್ಬರಿಗೂ ಖುಷಿಯೋ ಖುಷಿ.

ಖುಷಿ ಐದು ನಿಮಿಷ ಇತ್ತು. ಮೊದಲು ನನ್ನ ಕೆನ್ನೆ ಚುರುಗುಟ್ಟಿತು, ಆಮೇಲೆ ಅವರು ನೆತ್ತಿ ಉರಿಯುತ್ತಿದೆ ಎಂದರು, ಆಮೇಲೆ ಹಣೆಯಿಂದ ಒಂದು ಹನಿ ಇಳಿದು ಅವರ ಕಣ್ಣಿಗೆ ಹೋಯಿತು. ಬಿಸಿನೀರು ಹುಯ್ದರೆ ಉರಿ ಇನ್ನೂ ಏರಿತು. ನಾನು ಒದ್ದೆ ಸೀರೆಯಲ್ಲೇ ಬೇಲಿಗೆ ಓಡಿ ವೈನೀ ಎಂದು ಕೂಗಿದೆ. ಅವರು ಬೇಲಿಯನ್ನು ಸುತ್ತಿ ಬರಲಿಲ್ಲ, ಹತ್ತಿಯೇ ಬಂದರು. ಗಂಡನ ಕಣ್ಣಿಗೆ ತಣ್ಣೀರು ಸುರಿಯುತ್ತಲೇ ಇರು ಎಂದರು. ರಾಯರಿಂದ ಕೊಬ್ಬರಿ ಎಣ್ಣೆ ತರಿಸಿ ಮೊದಲು ಅದನ್ನು ಮೈಗೆ ಬಳಿಸಿ, ಆಮೇಲೆ ಸೋಪು ಹಚ್ಚಿ ತೊಳೆಸಿದರು. ಕಣ್ಣು ಸರಿಹೋಯಿತು ಎಂದು ಗೊತ್ತಾಗುವವರೆಗೆ ಅವರ ಬಾಯಿಂದ ಒಂದು ಬೈಗುಳ ಬರಲಿಲ್ಲ. ಗೊತ್ತಾದ ಮೇಲೆ ಬಂತು, ಧಾರವಾಡದ ಬೈಗುಳ, ಸರಿಯಾಗಿ ಬಂತು. ಅದೂ ಮುಗಿದ ಮೇಲೆ ರಾಯರ ಭೂತಗನ್ನಡಿ ತರಿಸಿ ನನ್ನ ಕೆನ್ನೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ತಪ್ಪು ನಿಂದಲ್ಲ ತಂಗಿ, ನಮ್ಮ ಅಂಗೈದು," ಎಂದರು ಕಡೆಗೆ. "ಅದಕ್ಕ ಸಣ್ಣಂದಿನಿಂದ ಒಂದ ಅಳತಿ ಗೊತ್ತದ. ಇದು ಬೊಗಸೀಲೆ ಹಚ್ಚಿದರ ಸುಡ್ತದ, ಹನೀಲೆ ಹಚ್ಚಿದರ ತಂಪು."

ಆ ಸಂಜೆ ಬಳಗದ ಹಬ್ಬದೂಟಕ್ಕೆ ನಾವಿಬ್ಬರೂ ಬ್ಯಾಡಗಿ ಮೆಣಸಿನಕಾಯಿಯ ಬಣ್ಣದಲ್ಲಿ ಹೋದೆವು. ಎಲ್ಲರಿಗೂ ವಿಷಯ ಹೇಳಿ ನಗಿಸಿದವರು ವೈನಿಯೇ. ನಗಿಸುತ್ತಾ ನಗಿಸುತ್ತಾ ತುರುಬಿನ ಪೆನ್ನು ತೆಗೆದರು. ಹದವಾಗಿ ಬೆರೆಸಿದ ಎಣ್ಣೆಯನ್ನು ಒಬ್ಬೊಬ್ಬರ ಮೊಣಕೈ ಮಡಿಕೆಗೆ ಒಂದೊಂದು ಹನಿ ಹಚ್ಚಿ, ಸುತ್ತ ಒಂದು ಸೊನ್ನೆ ಎಳೆದರು. ಎರಡು ದಿನ ಅಲ್ಲಿ ಸೋಪು ತಿಕ್ಕಬಾರದು, ಕೆಂಪಾಗಲಿಲ್ಲ, ತುರಿಸಲಿಲ್ಲ ಎಂದರೆ ಮಾತ್ರ ಎಣ್ಣೆ ಸಿಗುತ್ತದೆ. ಒಬ್ಬಟ್ಟು ತಿನ್ನುವ ಕೈಗಳಲ್ಲೆಲ್ಲ ನೀಲಿ ಸೊನ್ನೆ. ಮರುದಿನ ಆಫೀಸಿನಲ್ಲಿ ನನ್ನ ಗಂಡನನ್ನು, ರಕ್ತದಾನ ಮಾಡಿದೆಯಾ ಎಂದು ಯಾರೋ ಕೇಳಿದರಂತೆ.

ಆಮೇಲೆ ಅದೇ ರೂಢಿಯಾಯಿತು. ಸೊಳ್ಳೆ ಕಚ್ಚಿದ ತುರಿಕೆಗೆ, ಒಣಚರ್ಮಕ್ಕೆ, ಹುಡುಗಿಯರ ಸಣ್ಣಪುಟ್ಟ ಮೊಡವೆಗೆ ಜನ ವೈನಿಯ ಬಾಟಲಿ ಕೇಳಿಕೊಂಡು ಬರುತ್ತಿದ್ದರು. ಹಿತವಾಗುತ್ತಿದ್ದುದೂ ನಿಜ. ದಿಂಬಿನ ಹತ್ತಿರ ಇಟ್ಟುಕೊಂಡರೆ ಆ ವಾಸನೆಗೆ ಮನಸ್ಸು ಸಮಾಧಾನವಾಗುತ್ತದೆ ಎಂದು ಎಷ್ಟೋ ಜನ ಹೇಳುತ್ತಿದ್ದರು. ಆದರೆ ಅದಕ್ಕಿಂತ ಒಂದು ಗೇಣು ಹೆಚ್ಚಿಗೆ ಹೇಳಲು ಅವರು ತಯಾರಿರಲಿಲ್ಲ. ಒಬ್ಬಾಕೆ, ಹಚ್ಚಿದರೆ ಬಣ್ಣ ಬರುತ್ತದೆಯೇ ಎಂದು ಕೇಳಿದ್ದಕ್ಕೆ, ನಿಮ್ಮ ಬಣ್ಣ ಹೋಗಿತ್ತೆಲ್ಲಿ ಎಂದು ತಿರುಗಿ ಕೇಳಿ ಬಾಗಿಲು ತೋರಿಸಿದರು. ಎಳೆಗೂಸಿಗೆ ಎಣ್ಣೆ ತೀಡಲು ಬೇಕು ಎಂದವಳಿಗೆ ಕೊಡಲೇ ಇಲ್ಲ. ಕೊಬ್ಬರಿ ಎಣ್ಣೆಯೇ ಸಾಕು, ಕೂಸಿನ ಚರ್ಮದ ಮೇಲೆ ಪ್ರಯೋಗ ಬೇಡ ಎಂದರು. ಗಾಯವಾದ ಕಡೆ ಬೇಡ, ಕಣ್ಣಿನ ಸುತ್ತ ಬೇಡ, ಹೊಟ್ಟೆಗಂತೂ ಬೇಡವೇ ಬೇಡ. ಈ ಬೇಡಗಳನ್ನು ಹೇಳುವಾಗಲೂ ಅವರ ಮುಖದಲ್ಲಿ ಬೇಕು ಎನ್ನುವವರ ಸಂಭ್ರಮವೇ ಇರುತ್ತಿತ್ತು.

ಎರಡು ಮೂರು ಬೇಸಿಗೆ ಕಳೆದ ಮೇಲೆ ಸೇತುವೆಯಾಚೆಯ ಲಾಸ್ ಆಲ್ಟೋಸಿನ ಅಂಗಡಿಯ ವಿಷಯ ಬಂತು. ರಾಯರು ಅಲ್ಲಿ ಹಲ್ಲಿನ ಡಾಕ್ಟರಲ್ಲಿಗೆ ಹೋದಾಗ ವೈನಿ ಪಕ್ಕದ ಅಂಗಡಿಯೊಂದಕ್ಕೆ ನುಗ್ಗಿದ್ದರು. ಕ್ರೀಮು, ಸಾಬೂನು, ಮುಖಕ್ಕೆ ಹಚ್ಚುವ ಎಣ್ಣೆ ಮಾರುವ ಚೊಕ್ಕಟ ಅಂಗಡಿ. ಬೆಳ್ಳಿಗೂದಲಿನ ಒಡತಿ ವೈನಿಯ ಬಾಟಲಿಯನ್ನು ಮೂಸಿ ಕಣ್ಣು ಮುಚ್ಚಿ, ಇದನ್ನು ಮಾಡಿದವರು ಯಾರು ಎಂದು ಕೇಳಿದಳಂತೆ. ನಾನು, ಎಂದರಂತೆ ಇವರು. ನೀವು ಕೆಮಿಸ್ಟೇ ಎಂದಳಂತೆ ಅವಳು.

ಅಮೆರಿಕದಲ್ಲಿ ಅವರನ್ನು ಹಾಗೆ ಕೇಳಿದವಳು ಅವಳೊಬ್ಬಳೇ. ವೈನಿ ಅದನ್ನು ನನಗೆ ಬೇಲಿಯ ಮೇಲಿನಿಂದ ಮೂರು ಸಲ ಹೇಳಿದರು. ಎರಡು ಡಜನ್ ಬಾಟಲಿ ಕೊಡಬೇಕು, ಬಾದಾಮಿ ಎಣ್ಣೆಯಲ್ಲಿ ಬೆರೆಸಿ. ಆದರೆ ಕಂದು ಬಾಟಲಿ ಬೇಡ, ಒಳಗಿನ ಹೂವಿನ ಕಡ್ಡಿ ಕಾಣುವಂಥ ಬಿಳಿಗಾಜಿನದೇ ಆಗಬೇಕು ಎಂದು ಅವಳ ಷರತ್ತು. ಬೆಳಕು ಬಿದ್ದರೆ ಎಣ್ಣೆ ಕೆಡುತ್ತದೆ ಎಂದು ನಮಗೆಲ್ಲ ಪಾಠ ಹೇಳಿದ ವೈನಿ ಇದಕ್ಕೆ ಒಪ್ಪಿಬಿಟ್ಟರು. ಒಪ್ಪಿದ್ದಷ್ಟೇ ಅಲ್ಲ, ತುಂಬಿಸಿದ ಬಾಟಲಿಗಳನ್ನು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿ ಮೂರು ವಾರ ನೋಡಿದ್ದೇ ನೋಡಿದ್ದು. ಲೇಬಲ್ಲನ್ನು ಅವರೇ ಕೈಯಲ್ಲಿ ಬರೆದರು. ಲ್ಯಾವೆಂಡರ್, ಕೆಳಗೆ ಅವರ ಹೆಸರು, ಹೆಸರಿನ ಮುಂದೆ ಎಂ.ಎಸ್ಸಿ. ಆ ಮೂರು ಅಕ್ಷರಗಳನ್ನು ಬರೆಯುವಾಗ ಪೆನ್ನು ನಿಧಾನವಾಗುತ್ತಿತ್ತು. ನಾನು ನೋಡಿಯೂ ನೋಡದವಳಂತೆ ಇದ್ದೆ.

ಕೊಡಲು ಎರಡು ದಿನ ಇರುವಾಗ, ನಿಯಮದಂತೆ, ಆ ಬಾಟಲಿಗಳಿಂದಲೇ ಒಂದೊಂದು ಹನಿ ತೆಗೆದು ತಮಗೆ, ರಾಯರಿಗೆ, ನನಗೆ ಸೊನ್ನೆ ಸುತ್ತಿದರು. ಶುಕ್ರವಾರ ಬೆಳಿಗ್ಗೆ ನಾನು ಕಾರಿನ ಕೀಲಿ ಹಿಡಿದು ಅವರ ಮನೆಗೆ ಹೋದೆ. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ವೈನಿ ಮೇಜಿನ ಮೇಲೆ ಕೈ ಚಾಚಿ ಕೂತಿದ್ದರು. ನೀಲಿ ಸೊನ್ನೆಯ ಒಳಗೆ ಕೆಂಪು, ಕೆಂಪಿನ ಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳು.

ನನಗೆ ತಾಳ್ಮೆ ಕಡಿಮೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ನನ್ನ ಕೈಯಲ್ಲಿ ಏನೂ ಇಲ್ಲ ವೈನಿ, ರಾಯರ ಕೈಯಲ್ಲೂ ಇಲ್ಲ. ನಿಮ್ಮದೊಂದು ಕೈಗೋಸ್ಕರ ಇಷ್ಟೆಲ್ಲ ಬಿಟ್ಟುಬಿಡ್ತೀರಾ? ಸುಮ್ನೆ ತೋಳು ಇಳಿಸ್ಕೊಂಡು ಬನ್ನಿ, ಕೊಟ್ಟುಬಿಡೋಣ."

"ಮೂರರಾಗ ಒಂದು, ತಂಗಿ," ಎಂದರು.

ಅಷ್ಟೇ ಎಂದರು. ಆದರೆ ಪೆಟ್ಟಿಗೆ ಎತ್ತಿಕೊಂಡು ಕಾರಿನಲ್ಲಿ ಕೂತರು. ಸೇತುವೆಯ ಉದ್ದಕ್ಕೂ ಪೆಟ್ಟಿಗೆ ಅವರ ತೊಡೆಯ ಮೇಲಿತ್ತು, ಬಾಟಲಿಗಳು ಕಿಣಿಕಿಣಿ ಎನ್ನುತ್ತಿದ್ದವು. ಮನಸ್ಸು ಬದಲಾಯಿಸಿದ್ದಾರೆ ಎಂದುಕೊಂಡು ನಾನು ಜೋರಾಗಿಯೇ ಓಡಿಸಿದೆ.

ಅಂಗಡಿಯಲ್ಲಿ ಅವರು ಮಾಡಿದ್ದು ಇಷ್ಟು. ಪೆಟ್ಟಿಗೆಯನ್ನು ಗಾಜಿನ ಕೌಂಟರಿನ ಮೇಲಿಟ್ಟರು. ಅದರ ಪಕ್ಕದಲ್ಲಿ ತೋಳು ಸರಿಸಿ ಕೈಯನ್ನೂ ಇಟ್ಟರು. ತಮ್ಮ ನೆಟ್ಟಗಿನ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು. ಬಿಸಿಲಿಗೆ ಇಟ್ಟದ್ದು ನನ್ನ ತಪ್ಪು, ಇವು ಬೇಡ, ಹೊಸದಾಗಿ ಮಾಡಿ ಕಂದು ಬಾಟಲಿಯಲ್ಲಿ ಕೊಡುತ್ತೇನೆ, ಮೊದಲು ಮೊಣಕೈಗೆ ಹಚ್ಚಿ ಎರಡು ದಿನ ಕಾಯಿರಿ ಎಂದು ಹೂವಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಒಡತಿ ಕೆಟ್ಟವಳಲ್ಲ. ಆ ಕೈ ನೋಡಿ ನಿಜವಾಗಿಯೂ ಮರುಗಿದಳು. ಆದರೆ ಒಬ್ಬರ ಕೈ ಕೆಂಪಾದದ್ದಕ್ಕೆ ಇಷ್ಟು ಹೆದರಬೇಕಿಲ್ಲ, ಬೇಕಾದರೆ ಹಿಂದುಗಡೆ ಸಣ್ಣದಾಗಿ ಬರೆಯೋಣ ಎಂದಳು. ಇಲ್ಲಿಗೆ ಬರುವವರು ಖುಷಿಗಾಗಿ ಬರುತ್ತಾರೆ, ಎರಡು ದಿನ ಕಾಯುವುದಕ್ಕಲ್ಲ ಎಂದಳು. ವೈನಿ ನಮಸ್ಕಾರ ಮಾಡಿ ಪೆಟ್ಟಿಗೆ ವಾಪಸು ಎತ್ತಿಕೊಂಡರು.

ಕಾರಿನಲ್ಲಿ ಕೂತ ಮೇಲೆ ನಾನು ಸ್ಟಿಯರಿಂಗಿಗೆ ತಲೆಯಿಟ್ಟು ಅತ್ತುಬಿಟ್ಟೆ. ಸಿಟ್ಟು, ಸಂಕಟ, ಎಲ್ಲ ಒಟ್ಟಿಗೆ ಬಂದಿತ್ತು. ಆ ಮೂರು ಅಕ್ಷರ ಬರೆಯುವಾಗಿನ ಅವರ ಕೈ ಕಣ್ಣೆದುರು ಬಂದು ಅಳು ನಿಲ್ಲಲೇ ಇಲ್ಲ. ತಲೆಯೆತ್ತಿ ನೋಡಿದರೆ ಈ ಹೆಂಗಸು ಕಿಟಕಿಯ ಬೆಳಕಿಗೆ ಕೈ ಹಿಡಿದು ಗುಳ್ಳೆಗಳನ್ನು ಎಣಿಸುತ್ತಿದ್ದಾರೆ, ಕಣ್ಣುಗಳು ಹೊಳೆಯುತ್ತಿವೆ.

"ಹದಿನೇಳು ವರ್ಷ ಹುಡುಗರಿಗೆ ಮಾಡಿ ತೋರಿಸಿದ್ದೆಲ್ಲಾ ಪುಸ್ತಕದಾಗ ಮೊದಲೇ ಬರೆದಿತ್ತು, ತಂಗಿ. ಏನು ಬರ್ತದ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇದು ನನಗ ಗೊತ್ತಿದ್ದಿಲ್ಲ ನೋಡು. ಇದನ್ನ ನಾನ ಕಂಡೀನಿ." ತುರುಬಿನ ಪೆನ್ನು ತೆಗೆದು ಇನ್ನೊಂದು ಕೈ ನನ್ನ ಮುಂದೆ ಚಾಚಿದರು. "ಕೆಟ್ಟಿದ್ದು ಎಣ್ಣಿಯೋ, ನನ್ನ ಚರ್ಮನೋ? ಇನ್ನ ತಾಜಾ ಎಣ್ಣಿ ಹಚ್ಚಿ ನೋಡಬೇಕು. ಈ ಕೈಯಾಗ ಸೊನ್ನಿ ಸುತ್ತು, ಮನಿಗೆ ಹೋದ ಕೂಡ್ಲೇ ಹನಿ ಹಾಕೋಣು."

ಪಾರ್ಕಿಂಗ್ ಲಾಟಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಅವರ ಬಲಗೈಗೆ ಸೊನ್ನೆ ಸುತ್ತಿದೆ.

ಎರಡು ದಿನದ ಮೇಲೆ ಬೇಲಿಯ ಮೇಲೆ ಮೊದಲು ಆ ಬಲಗೈ ಕಾಣಿಸಿತು, ಆಮೇಲೆ ತಲೆ. "ಬಂತು ನೋಡು," ಎಂದರು. ಆ ವಾರವಷ್ಟೇ ಬಟ್ಟಿಯಿಳಿಸಿ ಕತ್ತಲಲ್ಲಿಟ್ಟ ಎಣ್ಣೆಗೂ ಸೊನ್ನೆ ಕೆಂಪಾಗಿತ್ತು. ಫ್ರೀಮಾಂಟಿನ ಚರ್ಮದ ಡಾಕ್ಟರು ನೋಡಿ, ಚರ್ಮ ಒಮ್ಮೆ ಹೀಗೆ ಒಗ್ಗದೆ ಹೋದರೆ ಮತ್ತೆ ಒಗ್ಗುವುದು ಕಷ್ಟ, ಇನ್ನು ಲ್ಯಾವೆಂಡರನ್ನು ಮುಟ್ಟಬೇಡಿ ಎಂದರು. ಕಾರಣವನ್ನು ವೈನಿ ಡಾಕ್ಟರಿಗಿಂತ ಮೊದಲೇ ಕಂಡುಕೊಂಡಿದ್ದರು. ನಮಗೆಲ್ಲ ಹನಿಯ ಲೆಕ್ಕ ಹೇಳಿದವರು ತಾವು ಮಾತ್ರ ವರ್ಷಗಟ್ಟಲೆ ಬೆರೆಸದ ಎಣ್ಣೆಯನ್ನು ಬರಿಗೈಯಲ್ಲಿ ಬಳಿದಿದ್ದರು. ಬಿಸಿಲಿಗೆ ಕೆಟ್ಟ ಎಣ್ಣೆ ಉಳಿದದ್ದನ್ನು ಪೂರೈಸಿತ್ತು. ಇದನ್ನು ಅವರು ಬಳಗದ ಎಲ್ಲರಿಗೂ, ತಮ್ಮ ತಪ್ಪನ್ನು ಒಂದಿಷ್ಟೂ ಬಿಡದೆ, ಬೇರೆ ಯಾರದೋ ಕಥೆಯಂತೆ ಹುರುಪಿನಿಂದ ಹೇಳಿಕೊಂಡು ತಿರುಗಿದರು. ಒಂದೇ ಒಂದು ಸಲ, ನಾನು ನೋಡುತ್ತಿದ್ದೇನೆ ಎಂದು ಗೊತ್ತಿಲ್ಲದೆ, ಹೂಬಿಟ್ಟ ಗಿಡಗಳ ಮುಂದೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನಾನು ಸದ್ದು ಮಾಡದೆ ಒಳಗೆ ಬಂದೆ.

ಗಿಡ ಕೀಳಿಸಿಬಿಡುತ್ತಾರೇನೋ ಎಂದುಕೊಂಡಿದ್ದೆ. ಮುಂದಿನ ಬೇಸಿಗೆ ಬರುತ್ತಲೇ ಬೇಲಿಯ ಮೇಲೆ ತಲೆ ಬಂತು.

"ನನ್ನ ಕೈ ಹೋತು. ನಿನ್ನ ಕೈ ಅದಾವಲ್ಲ?"

ನನ್ನ ಕೈಗೆ ರಬ್ಬರಿನ ಗ್ಲೌಸು ಹಾಕಿಸಿದರು. ಹೂವು ಕೊಯ್ದವಳು ನಾನು, ಕುಕ್ಕರಿಗೆ ತುಂಬಿದವಳು ನಾನು, ಐಸು ಹಾಕಿದವಳು ನಾನು. ಕೊಲ್ಲಿಯ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಬೆರಳೆತ್ತಿ ನೋಡಿ, ಆವಿ ತಮ್ಮತ್ತ ಬಾರದ ಕಡೆ ದೂರದಲ್ಲಿ ಕುರ್ಚಿ ಹಾಕಿಕೊಂಡು, ವೈನಿ ಅಲ್ಲಿಂದಲೇ ಉರಿ ಸಣ್ಣ ಮಾಡು, ಕೊಳವೆ ನೋಡು ಎಂದು ಕೂಗುತ್ತಿದ್ದರು. ಅವರ ಮಡಿಲಲ್ಲಿ ಹೊಸ ಲೇಬಲ್ಲುಗಳು. ಯಾವ ಅಂಗಡಿಗೂ ಅಲ್ಲ, ನಮ್ಮ ಮನೆಗಳಿಗೆ. ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ, ಎರಡು ದಿನ ಕಾಯಿರಿ. ಅದರ ಕೆಳಗೆ ಹೂವಿನ ಹೆಸರು. ಅದರ ಕೆಳಗೆ ಅವರ ಹೆಸರು, ಎಂ.ಎಸ್ಸಿ. ಈ ಸಲ ಪೆನ್ನು ಎಲ್ಲೂ ತಡೆಯುತ್ತಿರಲಿಲ್ಲ.

ನಾನು ಲೋಟದ ಮುಂದೆ ಕುಕ್ಕರಗಾಲಲ್ಲಿ ಕೂತೆ. ತಾಳ್ಮೆಯಿಲ್ಲದ ನಾನು, ಉಸಿರು ಬಿಗಿಹಿಡಿದು, ನೀರಿನ ಮೇಲೆ ಕಣ್ಣಿಟ್ಟು ಕೂತೆ.

"ಬಂತೇನು?" ಎಂದರು ವೈನಿ ದೂರದಿಂದ.

ಹಳದಿ ಪೊರೆ ಕೂಡಿಕೊಂಡಿತು.

"ಬಂತು ನೋಡಿ ವೈನಿ," ಎಂದೆ.

ಅವರು ಕುರ್ಚಿಯಿಂದ ಎದ್ದರು. ಎರಡೂ ಕೈಗೆ ಗ್ಲೌಸು ಏರಿಸಿಕೊಂಡು, ಮೂಗಿಗೆ ಸೆರಗು ಕಟ್ಟಿಕೊಂಡು ಹತ್ತಿರ ಬಂದರು. ಲೋಟದೊಳಗೆ ಬಗ್ಗಿ ನೋಡಿದರು. ಒಂದು ಹನಿಯನ್ನು ಬಾದಾಮಿ ಎಣ್ಣೆಯಲ್ಲಿ ಬೆರೆಸಿ ಮೊಣಕೈಗೆ ಹಚ್ಚಿಕೊಳ್ಳಲು ನನಗೆ ಹೇಳಿ, ತುರುಬಿನ ಪೆನ್ನು ತೆಗೆದು, ನನ್ನ ಕೈಯ ಮೇಲೆ ಸೊನ್ನೆ ಸುತ್ತಿದರು.